ಮೂತ್ರದ ಕಲ್ಚರ್‌ಗೆ ಸಿಎಲ್‌ಇಡಿ ಅಗಾರ್: ಪುಡಿ ಚೆನ್ನ, ಡಬ್ಬಿ ಸಾಲದು

ಮೂತ್ರದ ಸ್ಯಾಂಪಲ್‌ಗಳೇ ಹೆಚ್ಚಾಗಿ ಬರುವ ಕರಾವಳಿಯ ನಮ್ಮ ಚಿಕ್ಕ ಲ್ಯಾಬ್‌ನಲ್ಲಿ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾಗಳನ್ನು ಅಗಾರ್ ಎಂಬ ಜೆಲ್ಲಿಯಂಥ ಪೋಷಕ ಮಾಧ್ಯಮದ ಮೇಲೆ ಬೆಳೆಸಿ ಗುರುತಿಸಲು, ರಕ್ತದ ಅಗಾರ್ ಮತ್ತು ಮ್ಯಾಕಾಂಕಿ ಅಗಾರ್‌ಗಳ ಜೋಡಿಯನ್ನು ಬಿಟ್ಟು, ದೇಶೀಯ ಕಂಪನಿಯೊಂದರ ಸಿಎಲ್‌ಇಡಿ (ಸಿಸ್ಟಿನ್, ಲ್ಯಾಕ್ಟೋಸ್ ಇರುವ, ಲವಣಾಂಶ ಕಡಿಮೆಯಿರುವ) ಅಗಾರ್ ಪುಡಿಯನ್ನು ಬಳಸುತ್ತಿದ್ದೇವೆ. ಲೀಟರಿಗೆ ಸುಮಾರು 36 ಗ್ರಾಂ ಬೇಕಾಗುವುದರಿಂದ 500 ಗ್ರಾಂ ಡಬ್ಬಿಯಲ್ಲಿ, ಪ್ಲೇಟಿಗೆ 20 ಮಿ.ಲೀ.ನಂತೆ ಹೊಯ್ದರೆ, 650ಕ್ಕೂ ಹೆಚ್ಚು ಪ್ಲೇಟ್‌ಗಳಾಗುತ್ತವೆ. ಕುರಿಯ ರಕ್ತ ಹೊಂದಿಸುವ ತಾಪತ್ರಯ ತಪ್ಪಿದ್ದು ಸಣ್ಣ ಲಾಭವೇನಲ್ಲ.

ರಕ್ತದ ಅಗಾರ್ ಮೇಲೆ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಅಲೆಅಲೆಯಾಗಿ ಹರಡಿ ಉಳಿದ ಕಾಲೊನಿಗಳನ್ನು (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳನ್ನು) ಮುಚ್ಚಿಬಿಡುವುದರಿಂದ ಎಣಿಕೆಯೂ ಕೆಡುತ್ತದೆ, ಜೊತೆಗಿರುವ ಇನ್ನೊಂದು ಬ್ಯಾಕ್ಟೀರಿಯಾವೂ ಕಣ್ಣಿಗೆ ಬೀಳುವುದಿಲ್ಲ. ಲವಣಾಂಶವನ್ನು ತಗ್ಗಿಸಿದರೆ ಈ ಹರಡುವಿಕೆ ನಿಲ್ಲುತ್ತದೆಂಬುದನ್ನು ಸಂಶೋಧಕ ಸ್ಯಾಂಡಿಸ್ 1960ರಲ್ಲಿ ತೋರಿಸಿದ್ದರು. ಈಗಿನ ಸಿಎಲ್‌ಇಡಿ ಆ ದಾರಿಯಲ್ಲೇ ರೂಪುಗೊಂಡದ್ದು. ಮ್ಯಾಕಾಂಕಿಯಲ್ಲಿ ಪಿತ್ತ ಲವಣಗಳು ಮತ್ತು ಕ್ರಿಸ್ಟಲ್ ವಯೊಲೆಟ್ ಬಣ್ಣ ತಡೆಯುವ ಸ್ಟೆಫೈಲೊಕಾಕಸ್, ಎಂಟರೊಕಾಕಸ್ ಬ್ಯಾಕ್ಟೀರಿಯಾಗಳೂ ಇದರಲ್ಲಿ ಬೆಳೆಯುತ್ತವೆ.

ಹದವಾಗಿ ತಯಾರಾದ ಪ್ಲೇಟು ನೀಲಿ ಬೆರೆತ ಹಸಿರಾಗಿರುತ್ತದೆ. ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು ತೆಗೆದಾಗ ಲ್ಯಾಕ್ಟೋಸ್ ಸಕ್ಕರೆಯನ್ನು ಹುದುಗಿಸಿ ಆಮ್ಲ ಮಾಡುವ ಇ. ಕೋಲೈ ಬ್ಯಾಕ್ಟೀರಿಯಾದ ಕಾಲೊನಿಗಳು ನಡುವೆ ಗಾಢವಾದ ಹಳದಿಯಾಗಿ ಕಾಣುತ್ತವೆ, ಸುತ್ತಲಿನ ಅಗಾರ್ ಕೂಡ ಹಳದಿಗೆ ತಿರುಗಿರುತ್ತದೆ. ಕ್ಲೆಬ್ಸಿಯೆಲ್ಲಾ ಲೋಳೆಲೋಳೆಯಾಗಿ ಉಬ್ಬಿರುತ್ತದೆ. ಪ್ರೋಟಿಯಸ್ ಅರೆಪಾರದರ್ಶಕ ನೀಲಿ ಬಣ್ಣದಲ್ಲಿ ಇದ್ದಲ್ಲೇ ಇರುತ್ತದೆ. ಒಂದು ಮೈಕ್ರೊಲೀಟರ್ ಮೂತ್ರ ಹಿಡಿಯುವ ಲೂಪಿನಿಂದ (ತುದಿಯಲ್ಲಿ ಕುಣಿಕೆಯಿರುವ ಕಡ್ಡಿಯಿಂದ) ಎಳೆದ ಪ್ಲೇಟಿನಲ್ಲಿ 100 ಕಾಲೊನಿ ಎಣಿಸಿದರೆ ಮಿಲಿಲೀಟರಿಗೆ ಒಂದು ಲಕ್ಷವೆಂದು ನೇರವಾಗಿ ಬರೆಯಬಹುದು. ಆದರೆ ಇ. ಕೋಲೈ ಒತ್ತಾಗಿ ಬೆಳೆದಾಗ ಇಡೀ ಪ್ಲೇಟು ಹಳದಿಯಾಗಿ, ಲ್ಯಾಕ್ಟೋಸ್ ಹುದುಗಿಸದ ಕಾಲೊನಿಗಳು ಅದರಲ್ಲಿ ಅಡಗಿಹೋಗುತ್ತವೆ. ಆದ್ದರಿಂದ 24 ಗಂಟೆ ಮೀರಿಸದೆ, ಓರೆ ಬೆಳಕಿನಲ್ಲಿ ನೋಡುವುದು ಅಗತ್ಯ.

ಕ್ರೋಮೋಜೆನಿಕ್ ಅಗಾರ್ ಬಣ್ಣದಿಂದಲೇ ಹೆಚ್ಚು ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸುತ್ತದೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅನುಕೂಲವೂ ಹೌದು. ಆದರೂ ಬ್ಯಾಕ್ಟೀರಿಯಾ ಯಾವುದೆಂದು ಖಚಿತಪಡಿಸುವ ಇಂಡೋಲ್, ಆಕ್ಸಿಡೇಸ್ ಮೊದಲಾದ ಪರೀಕ್ಷೆಗಳನ್ನು ಪೂರ್ತಿ ಬಿಡಲಾಗದಿರುವಾಗ ಅಷ್ಟು ಹೆಚ್ಚಿನ ಬೆಲೆ ನಮ್ಮಂಥ ಲ್ಯಾಬ್‌ಗೆ ಹೊರೆಯೇ.

ನನ್ನ ದೂರು ಡಬ್ಬಿಯ ಬಗ್ಗೆ. ಸೀಲ್ ಒಡೆದ ಮೇಲೆ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ. ಮಳೆಗಾಲದ ತೇವ ಹೀರಿ ಪುಡಿ ಗಂಟುಕಟ್ಟುತ್ತದೆ. ಹಾಗೆ ಗಂಟಾದದ್ದನ್ನು ಒಡೆದು ತೂಗಿದರೆ ತೂಕದಲ್ಲಿ ನೀರೂ ಸೇರಿರುವುದರಿಂದ ಅಗಾರ್ ಮೆದುವಾಗಿ, ಲೂಪ್ ಎಳೆಯುವಾಗ ಕಿತ್ತುಬರುತ್ತದೆ. ಸರಬರಾಜುದಾರರಿಗೆ ತಿಳಿಸಿದಾಗ ಒಣ ಜಾಗದಲ್ಲಿಡಿ ಎಂಬ ಉತ್ತರವಷ್ಟೇ ಸಿಕ್ಕಿತು. ಜುಲೈ ತಿಂಗಳ ಕರಾವಳಿಯಲ್ಲಿ ಅಂಥ ಜಾಗ ಎಲ್ಲಿದೆಯೆಂದು ಅವರು ಹೇಳಲಿಲ್ಲ. ಈಗ ಡಬ್ಬಿಯನ್ನು ಸಿಲಿಕಾ ಜೆಲ್ ಸಹಿತ ಇನ್ನೊಂದು ಗಾಳಿಯಾಡದ ಪಾತ್ರೆಯಲ್ಲಿಟ್ಟು, ಪ್ರತಿ ಬ್ಯಾಚನ್ನೂ ಗುಣಮಟ್ಟ ಪರೀಕ್ಷೆಗೆ ಬಳಸುವ ಪ್ರಮಾಣಿತ ತಳಿಯಾದ ಇ. ಕೋಲೈ ಎಟಿಸಿಸಿ 25922 ಮತ್ತು ಒಂದು ಪ್ರೋಟಿಯಸ್ ತಳಿಯಿಂದ ಪರೀಕ್ಷಿಸಿದ ಮೇಲೆಯೇ ಬಳಸುತ್ತೇವೆ. ತಿಂಗಳಿಗೆ ನೂರರ ಒಳಗೆ ಕಲ್ಚರ್ ಮಾಡುವವರು, ದರ ತುಸು ಹೆಚ್ಚಾದರೂ, 100 ಗ್ರಾಂ ಡಬ್ಬಿಯನ್ನೇ ಕೊಳ್ಳುವುದು ಲೇಸು.