ಚರ್ಮಕ್ಕೆ ಕಾಂಪೌಂಡ್ ಫೀಡ್ ಮಷೀನು: ಮುಂಬಯಿಯ ಧಾರಾವಿಯಲ್ಲಿ ಆರು ವರ್ಷ ಓಡಿಸಿದ ಮೇಲೆ

ಇದು ಫ್ಲಾಟ್‌ಬೆಡ್, ಅಂದರೆ ಚಪ್ಪಟೆ ಹಾಸಿನ, ಒಂದು ಸೂಜಿಯ, ಕಾಂಪೌಂಡ್ ಫೀಡ್ (ಸೂಜಿಯೂ ಸೇರಿ ಚರ್ಮವನ್ನು ಸಾಗಿಸುವ) ಹೊಲಿಗೆ ಮಷೀನು. ಜಪಾನಿನ ಜುಕಿ ಕಂಪನಿಯ 1541 ಮಾದರಿಯ ವಿನ್ಯಾಸವನ್ನೇ ಹಿಡಿದು ಬೇರೆ ಕಂಪನಿಗಳು ಮಾಡಿ ಮಾರುತ್ತವಲ್ಲ, ಆ ಜಾತಿಯದು. ಹೆಚ್ಚುಕಡಿಮೆ ಅದೇ ಮಷೀನು ನಾಲ್ಕಾರು ಹೆಸರಿನಲ್ಲಿ ಸಿಗುವುದರಿಂದ ಹೆಸರು ಬರೆದು ಉಪಯೋಗವಿಲ್ಲ. ವಾರಕ್ಕೆ ಆರು ದಿನ ಎಮ್ಮೆ ಚರ್ಮದ ಆಫೀಸ್ ಬ್ಯಾಗು, ಲ್ಯಾಪ್‌ಟಾಪ್ ಬ್ಯಾಗು, ಬೆಲ್ಟು, ಬ್ಯಾಗಿನ ಪಟ್ಟಿ ಇದರ ಮೇಲೆ ಹೊಲಿಯುತ್ತಿದ್ದೇವೆ. 2015ರಲ್ಲಿ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಗೂ ನಿಷೇಧ ಬಂದ ಮೇಲೆ ಇಲ್ಲಿನ ಕೆಲಸಕ್ಕೆ ಎಮ್ಮೆ ಚರ್ಮವೇ ದೊಡ್ಡ ಆಧಾರ. ಆದ್ದರಿಂದ ಇಲ್ಲಿ ಹೇಳುವ ಅಳತೆಗಳೆಲ್ಲ ಅದಕ್ಕೆ ಹೊಂದಿದವು: ಬ್ಯಾಗಿಗೆ 1.2ರಿಂದ 1.6 ಮಿ.ಮೀ, ಎರಡು ಪದರದ ಬೆಲ್ಟಿಗೆ ಒಟ್ಟು 7 ಮಿ.ಮೀ.

ಮೊದಲಿಗೇ ಹೇಳಿಬಿಡುತ್ತೇನೆ: ಬ್ಯಾಗು, ಬೆಲ್ಟಿಗೆ ಇದು ಒಳ್ಳೆಯ ಮಷೀನು, ಇನ್ನೊಮ್ಮೆ ಕೊಂಡರೂ ಇದೇ ಜಾತಿ. ಕುದುರೆ ಜೀನು, ದಪ್ಪ ಕತ್ತಿಯ ಒರೆ, 9 ಮಿ.ಮೀ ದಾಟುವ ಯಾವುದಕ್ಕೂ ಇದಲ್ಲ. ಅವಕ್ಕೆ ಜುಕಿ 441ರ ಜಾತಿಯ ದೊಡ್ಡ ಮಷೀನೇ ಬೇಕು. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಮಾಡುವವರೂ ವಿಚಾರಿಸುತ್ತಾರೆ. ಚರ್ಮದ ಎಳೆಯಿಂದಲೇ ಕೈಯಲ್ಲಿ ಹೊಲಿಯುವ ಆ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ.

‘ಹೆವಿ ಡ್ಯೂಟಿ’ ಎಂಬ ಚೀಟಿ ನೋಡಿ ಕೊಳ್ಳಬೇಡಿ. ಮನೆಯ ಮಷೀನಿನ ಮೇಲೂ ಅದೇ ಚೀಟಿ ಅಂಟಿಸಿರುತ್ತಾರೆ. ಚರ್ಮ ಚುಚ್ಚುವುದು ಕಷ್ಟವಲ್ಲ, ಒಳ್ಳೆಯ ಸೂಜಿ ಹಾಕಿದರೆ ಶರ್ಟ್ ಹೊಲಿಯುವ ಮಷೀನೂ ಎರಡು ಪದರ ಚುಚ್ಚುತ್ತದೆ. ಕಷ್ಟವಿರುವುದು ಚರ್ಮವನ್ನು ಮುಂದಕ್ಕೆ ಒಯ್ಯುವುದರಲ್ಲಿ. ಸಾಮಾನ್ಯ ಮಷೀನಿನಲ್ಲಿ ಸೂಜಿಯ ಕೆಳಗಿನ ಪ್ಲೇಟಿನಿಂದ ಏಳುವ ಹಲ್ಲು ಮಾತ್ರ ಚರ್ಮ ಎಳೆಯುತ್ತದೆ. ಮೇಲಿನ ಪದರ ಫೂಟಿಗೆ (ಚರ್ಮವನ್ನು ಮೇಲಿನಿಂದ ಒತ್ತುವ ಪಾದಕ್ಕೆ) ಅಂಟಿಕೊಂಡು ಹಿಂದೆ ಉಳಿಯುತ್ತದೆ. ಒಂದು ಮೀಟರ್ ಪಟ್ಟಿ ಹೊಲಿದು ಮುಗಿಸುವಾಗ ಎರಡು ತುದಿ ಕೂಡುವುದೇ ಇಲ್ಲ. ಕಾಂಪೌಂಡ್ ಫೀಡಿನಲ್ಲಿ ಸೂಜಿ ಚರ್ಮದೊಳಗೆ ಇರುವಾಗಲೇ ಸೂಜಿ, ಒಳಫೂಟ್, ಕೆಳಹಲ್ಲು ಮೂರೂ ಒಟ್ಟಿಗೆ ಹಿಂದಕ್ಕೆ ಸಾಗುತ್ತವೆ. ಅವು ಮತ್ತೆ ಮುಂದೆ ಬರುವಷ್ಟು ಹೊತ್ತು ಹೊರಫೂಟ್ ಚರ್ಮವನ್ನು ಒತ್ತಿ ಹಿಡಿದಿರುತ್ತದೆ. ಪದರಗಳು ಜಾರಲು ಸಮಯವೇ ಸಿಗುವುದಿಲ್ಲ. ಅಂಗಡಿಯವರು ‘ವಾಕಿಂಗ್ ಫೂಟ್’ ಎಂದು ಮಾರುವ ಕೆಲವು ಮಷೀನುಗಳಲ್ಲಿ ಫೂಟ್ ನಡೆಯುತ್ತದೆ, ಸೂಜಿ ನಡೆಯುವುದಿಲ್ಲ. ಕೈಚಕ್ರ ನಿಧಾನವಾಗಿ ತಿರುಗಿಸಿ, ಸೂಜಿ ಕೆಳಗಿರುವಾಗ ಅದು ಹಿಂದಕ್ಕೆ ವಾಲುತ್ತದೆಯೇ ಎಂದು ಕಣ್ಣಾರೆ ನೋಡಿಯೇ ನಂಬಿ.

ದಪ್ಪದ ಲೆಕ್ಕದಲ್ಲೂ ಹುಷಾರು. ಮೊಣಕಾಲ ಲಿಫ್ಟರ್ ಒತ್ತಿದರೆ ಫೂಟ್ 16 ಮಿ.ಮೀ ಏಳುತ್ತದೆ, ಆ ಅಂಕಿಯನ್ನೇ ಹೊಲಿಯುವ ದಪ್ಪ ಎಂದು ಹೇಳಿ ಮಾರುವವರಿದ್ದಾರೆ. ಅದು ಚರ್ಮವನ್ನು ಒಳಗೆ ತೂರಿಸಲು ಇರುವ ಜಾಗ, ಅಷ್ಟೆ. ಮೇಲಿನ, ಕೆಳಗಿನ ದಾರ ಕೂಡುವ ಗಂಟು ಸರಿಯಾಗಿ ಒಳಗೆ ಎಳೆದು ಕೂರುವುದು 8, ಬಹಳವೆಂದರೆ 9 ಮಿ.ಮೀವರೆಗೆ.

ಇನ್ನು ಮೋಟಾರು. ತಲೆಗಿಂತ (ಮೇಜಿನ ಮೇಲೆ ಕೂರುವ ಹೊಲಿಯುವ ಭಾಗಕ್ಕಿಂತ) ಇದರ ಆಯ್ಕೆಯಲ್ಲೇ ಜನ ಹೆಚ್ಚು ಎಡವುತ್ತಾರೆ. ಹಳೆಯ ಕ್ಲಚ್ ಮೋಟಾರು ಸ್ವಿಚ್ ಹಾಕಿದ ಕ್ಷಣದಿಂದ ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. 4 ಪೋಲಿನದಾದರೆ (ಪೋಲ್ ಅಂದರೆ ಮೋಟಾರಿನ ಕಾಂತಧ್ರುವ) ನಿಮಿಷಕ್ಕೆ 1440 ಸುತ್ತಿನ ಆಸುಪಾಸು, 2 ಪೋಲಿನದಾದರೆ ಅದರ ಎರಡರಷ್ಟು. ಪೆಡಲ್ ಮೇಲಿನ ಕಾಲಿನಿಂದಲೇ ಅದನ್ನು ಪಳಗಿಸಬೇಕು. ಬಟ್ಟೆಗೆ ನಡೆಯುತ್ತದೆ. ಚರ್ಮದಲ್ಲಿ ತಪ್ಪಿ ಬಿದ್ದ ತೂತು ತೂತಾಗಿಯೇ ಉಳಿಯುತ್ತದೆ, ಬಿಚ್ಚಿ ಮತ್ತೆ ಹೊಲಿಯುವ ಮಾತಿಲ್ಲ. ಆದ್ದರಿಂದ ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟಾರನ್ನೇ ಕೇಳಿ, 550 ವ್ಯಾಟ್ ಸಾಕು. ಮನೆಯ 230 ವೋಲ್ಟ್ ಸಿಂಗಲ್ ಫೇಸ್‌ನಲ್ಲೇ ಓಡುತ್ತದೆ, ನಿಂತಾಗ ಸದ್ದಿಲ್ಲ. ಅರ್ಥಿಂಗ್ ಮಾತ್ರ ಸರಿಯಾಗಿರಲಿ. ಗಾಳಾಗಳಲ್ಲಿ (ಇಲ್ಲಿನ ಸಣ್ಣ ಕೆಲಸದ ಕೋಣೆಗಳಲ್ಲಿ) ಒಂದೇ ಬೋರ್ಡಿನಿಂದ ಹತ್ತು ತಂತಿ ಎಳೆದಿರುತ್ತಾರೆ, ಮೈಯೆಲ್ಲ ಕಬ್ಬಿಣದ ಮಷೀನಿಗೆ ಅದು ಅಪಾಯ.

ಸರ್ವೋದ ಒಂದು ದೌರ್ಬಲ್ಯ ಗೊತ್ತಿರಲಿ: ತೀರಾ ನಿಧಾನದಲ್ಲಿ ಅದಕ್ಕೆ ಬಲ ಕಡಿಮೆ. ಬೆಲ್ಟಿನ ದಪ್ಪ ಮಡಿಕೆ ಬಂದ ಕೂಡಲೇ ಸೂಜಿ ಅರ್ಧದಲ್ಲಿ ನಿಲ್ಲುತ್ತದೆ, ಕೈಚಕ್ರಕ್ಕೆ ಕೈ ಹಾಕಬೇಕಾಗುತ್ತದೆ. ಪರಿಹಾರ ಪುಲ್ಲಿಯಲ್ಲಿದೆ. ಮೋಟಾರಿನ ಪುಲ್ಲಿಯನ್ನು 75 ಮಿ.ಮೀಯಿಂದ 50ಕ್ಕೆ ಇಳಿಸಿದರೆ ವೇಗ ಮೂರನೇ ಒಂದು ಪಾಲು ಇಳಿದು, ಬಲ ಒಂದೂವರೆ ಪಟ್ಟಾಗುತ್ತದೆ. ಆಗ ಮೋಟಾರಿನ ಬೆಲ್ಟ್ ಸಡಿಲವಾಗುವುದರಿಂದ ಒಂದು ಅಳತೆ ಚಿಕ್ಕ ಮೋಟಾರ್ ಬೆಲ್ಟ್ ಜೊತೆಗೇ ತನ್ನಿ. ಅದೂ ಸಾಲದೆ ಹೋದರೆ ಮೇಜಿನ ಕೆಳಗೆ 1:3 ಸ್ಪೀಡ್ ರಿಡ್ಯೂಸರ್ ಕೂರಿಸಬಹುದು. ನಮ್ಮ ಬೆಲ್ಟಿನ ಕೆಲಸಕ್ಕೆ ಸಣ್ಣ ಪುಲ್ಲಿಯೇ ಸಾಕಾಯಿತು. ಮಷೀನು ನಿಮಿಷಕ್ಕೆ 2500 ಟಾಂಕಾ (ಹೊಲಿಗೆಯ ಒಂದೊಂದು ಹೆಜ್ಜೆ) ಹಾಕುತ್ತದೆ ಎಂಬ ಮಾತಿಗೆ ಬೆಲೆ ಕೊಡಬೇಡಿ. ಪೆಡಲನ್ನು ಹೂವಿನಂತೆ ಒತ್ತಿದಾಗ ಒಂದೇ ಒಂದು ಟಾಂಕಾ ಬಿದ್ದು ನಿಲ್ಲುತ್ತದೆಯೇ ಎನ್ನುವುದು ಮುಖ್ಯ.

ಸೂಜಿಯಲ್ಲಿ ಎರಡು ನಂಬರ್ ನೆನಪಿಡಿ. 135×17 ಗುಂಡು ಮೊನೆಯದು, ಕ್ಯಾನ್ವಾಸ್, ರೆಕ್ಸಿನ್, ಬಟ್ಟೆಯ ಪಟ್ಟಿಗೆ. 135×16 ಕೊಯ್ಯುವ ಮೊನೆಯದು, ಚರ್ಮಕ್ಕೆ. ಉದ್ದ ಎರಡಕ್ಕೂ ಒಂದೇ, ಬದಲಾಯಿಸಿದರೆ ಟೈಮಿಂಗ್ (ಸೂಜಿಗೂ ಕೆಳಗೆ ತಿರುಗಿ ದಾರ ಹಿಡಿಯುವ ಹುಕ್ಕಿಗೂ ಇರುವ ಹೊಂದಾಣಿಕೆ) ಮುಟ್ಟಬೇಕಿಲ್ಲ. ಕೊಯ್ಯುವ ಮೊನೆಗಳಲ್ಲಿ ಎಲ್‌ಆರ್ ಎಂಬ ಗುರುತಿನದನ್ನು ಹಾಕಿದರೆ ಸೀಳು ಓರೆಯಾಗಿ ಬೀಳುತ್ತದೆ, ಟಾಂಕಾ ಕೂಡ ತುಸು ವಾಲಿ ಕೈಹೊಲಿಗೆಯ ಛಾಯೆ ಬರುತ್ತದೆ. ಎಸ್ ಎಂಬ ಇನ್ನೊಂದು ಮೊನೆ ಹೊಲಿಗೆಯ ಗೆರೆಯ ಉದ್ದಕ್ಕೇ ಸೀಳುತ್ತದೆ, ದಾರ ನೆಟ್ಟಗೆ ಕೂರುತ್ತದೆ. ಆದರೆ ಇಲ್ಲೊಂದು ಲೆಕ್ಕವಿದೆ. ಸೂಜಿಯ ಮೇಲೆ 160 ಎಂದಿದ್ದರೆ ಅದರ ಕಡ್ಡಿ 1.6 ಮಿ.ಮೀ ದಪ್ಪ. ಎಸ್ ಮೊನೆಯಲ್ಲಿ 2.5 ಮಿ.ಮೀ ಟಾಂಕಾ ಇಟ್ಟರೆ ಎರಡು ಸೀಳುಗಳ ನಡುವೆ ಒಂದು ಮಿ.ಮೀ ಚರ್ಮವೂ ಉಳಿಯುವುದಿಲ್ಲ. ಪಟ್ಟಿ ಜಗ್ಗಿದರೆ ಅಂಚೆಚೀಟಿ ಹರಿದಂತೆ ಗೆರೆಗುಂಟ ಹರಿಯುತ್ತದೆ. ಎಸ್ ಮೊನೆಗೆ 4 ಮಿ.ಮೀಗಿಂತ ಚಿಕ್ಕ ಟಾಂಕಾ ಬೇಡ. ಎಮ್ಮೆ ಚರ್ಮದ ಹೊಟ್ಟೆಯ ಭಾಗ ಸಡಿಲು, ಅಲ್ಲಿ ಇನ್ನೂ ಉದ್ದ ಇಟ್ಟರೂ ತಪ್ಪಿಲ್ಲ.

ದಾರ ಬಾಂಡೆಡ್ (ಎಳೆ ಬಿಚ್ಚದಂತೆ ಅಂಟಿಸಿದ) ನೈಲಾನ್. ದಾರದ ನಂಬರ್ ಇಳಿದಷ್ಟೂ ದಾರ ದಪ್ಪ. ಸೂಜಿಯ ನಂಬರ್ ಇಲ್ಲಿ ಬೇರೆ ಲೆಕ್ಕದ್ದು, 160ರ ಸೂಜಿಯೇ ಇದರಲ್ಲಿ 23. ಬ್ಯಾಗಿನ ಒಳಪದರಕ್ಕೆ 40 ನಂಬರ್ ದಾರ, 16 ಅಥವಾ 18ರ ಸೂಜಿ. ಹೊರಗೆ ಕಾಣುವ ಹೊಲಿಗೆಗೆ, ಬೆಲ್ಟಿಗೆ 20 ನಂಬರ್ ದಾರ, 22 ಅಥವಾ 23ರ ಸೂಜಿ. 13 ನಂಬರ್ ದಾರವನ್ನೂ 24ರ ಸೂಜಿಯಲ್ಲಿ ಓಡಿಸಬಹುದು, ಆದರೆ ಅದು ಈ ಜಾತಿಯ ಗಡಿ. ಬಾಬಿನ್ (ಕೆಳದಾರದ ಉರುಳೆ) ಬೇಗ ಬೇಗ ಖಾಲಿಯಾಗುತ್ತದೆ, ದಾರ ಬಿಗಿಹಿಡಿಯುವ ಟೆನ್ಶನ್ ಸ್ಪ್ರಿಂಗ್ ಪೂರ್ತಿ ಬಿಗಿಯಬೇಕಾಗುತ್ತದೆ. ಬಿಸಿಲಲ್ಲಿ ಇರುವ ಸಾಮಾನಿಗೆ, ಬೈಕಿನ ಸೀಟು, ಸೈಡ್ ಬ್ಯಾಗಿಗೆ, ನೈಲಾನ್ ಬಿಟ್ಟು ಪಾಲಿಯೆಸ್ಟರ್ ಹಾಕಿ. ನೈಲಾನ್ ಬಿಸಿಲಿಗೆ ಬೇಗ ದುರ್ಬಲವಾಗುತ್ತದೆ.

ದಾರ ಎಷ್ಟು ಬೇಕೆಂಬ ಲೆಕ್ಕ ಸುಲಭ: ಒಂದು ಟಾಂಕಾಕ್ಕೆ ಟಾಂಕಾದ ಉದ್ದ, ಅದಕ್ಕೆ ಚರ್ಮದ ಒಟ್ಟು ದಪ್ಪ ಕೂಡಿಸಿ. ಮೇಲಿನ ದಾರಕ್ಕೂ ಅಷ್ಟೇ, ಬಾಬಿನ್ನಿಗೂ ಅಷ್ಟೇ. 7 ಮಿ.ಮೀ ಬೆಲ್ಟಿಗೆ 4 ಮಿ.ಮೀ ಟಾಂಕಾ ಅಂದರೆ 11 ಮಿ.ಮೀ. ಒಂದು ಮೀಟರಿಗೆ 250 ಟಾಂಕಾ, ಅಂದರೆ ಮೇಲೆ ಎರಡೂಮುಕ್ಕಾಲು ಮೀಟರ್, ಕೆಳಗೆ ಎರಡೂಮುಕ್ಕಾಲು ಮೀಟರ್. ಬೆಲ್ಟಿನ ನಡುವೆ ಬಾಬಿನ್ ಮುಗಿದರೆ ಜೋಡಣೆ ಕಾಣುತ್ತದೆ, ಆದ್ದರಿಂದ ತುಂಬಿದ ಬಾಬಿನ್ನಿಂದ ಎಷ್ಟು ಬೆಲ್ಟ್ ಇಳಿಯುತ್ತದೆಂದು ಮೊದಲೇ ಎಣಿಸಿಟ್ಟುಕೊಳ್ಳುವುದು ಒಳ್ಳೆಯದು.

ಟೆನ್ಶನ್ ಸರಿಯಿದೆಯೇ ಎಂದು ಮೇಲಿನಿಂದ ನೋಡಿ ಹೇಳಲಾಗದು. ತುಂಡು ಚರ್ಮದ ಮೇಲೆ ಒಂದು ಗೇಣು ಹೊಲಿದು, ಹೊಲಿಗೆಯ ಗೆರೆಯ ಮೇಲೆಯೇ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಮೇಲೆ ಬಿಳಿ, ಕೆಳಗೆ ಕಪ್ಪು ದಾರ ಹಾಕಿ ಹೊಲಿದಿದ್ದರೆ ಒಳಗಿನ ಗಂಟುಗಳ ಸಾಲು ಸ್ಪಷ್ಟ ಕಾಣುತ್ತದೆ. ಅದು ಎರಡು ಪದರಗಳ ನಡುವೆ ಇರಬೇಕು. ಕೆಳಪದರಕ್ಕೆ ಇಳಿದಿದ್ದರೆ ಮೇಲಿನ ಟೆನ್ಶನ್ ಸಾಲದು, ಇಲ್ಲವೇ ಬಾಬಿನ್ನಿನದು ಹೆಚ್ಚಾಗಿದೆ. ಬಾಬಿನ್ ಸ್ಕ್ರೂ ಮುಟ್ಟುವ ಮೊದಲು ಅಲ್ಲಿ ದಾರವನ್ನು ಒತ್ತಿಹಿಡಿಯುವ ಪತ್ತಿಯ (ಸ್ಪ್ರಿಂಗ್ ತಗಡಿನ) ಕೆಳಗೆ ದಾರದ ಮೇಣ, ಧೂಳು ಸಿಕ್ಕಿದೆಯೇ ನೋಡಿ. ಹೆಚ್ಚಿನ ಸಲ ತೊಂದರೆ ಅಲ್ಲೇ ಇರುತ್ತದೆ. ಸ್ಕ್ರೂ ತಿರುಗಿಸುವುದಾದರೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಕೆಡುವ ವಿಷಯಕ್ಕೆ ಬಂದರೆ, ಮೊದಲನೆಯದು ಹುಕ್ಕಿನಲ್ಲಿ ದಾರ ಸಿಕ್ಕಿಕೊಳ್ಳುವುದು. ಕಾರಣ ಬಹುಪಾಲು ಒಂದೇ: ಶುರು ಮಾಡುವಾಗ ದಾರದ ಎರಡೂ ತುದಿಗಳನ್ನು ಹಿಡಿಯದಿರುವುದು. ಮೊದಲ ಮೂರು ಟಾಂಕಾ ಬೀಳುವವರೆಗೆ ಎರಡೂ ದಾರ ಎಡಗೈಯಲ್ಲಿ ಇರಲಿ. ಸೇಫ್ಟಿ ಕ್ಲಚ್ ಇರುವ ಮಾದರಿಯಾದರೆ ಕಟಕ್ ಎಂದು ಹುಕ್ ಬಿಟ್ಟುಕೊಳ್ಳುತ್ತದೆ, ಟೈಮಿಂಗ್ ಉಳಿಯುತ್ತದೆ. ದಾರ ತೆಗೆದು, ಬೆಡ್ ಮೇಲಿನ ಗುಂಡಿ ಒತ್ತಿಹಿಡಿದು, ಕೈಚಕ್ರವನ್ನು ಹಿಮ್ಮುಖವಾಗಿ ಬಲವಾಗಿ ತಿರುಗಿಸಿದರೆ ಮತ್ತೆ ಕೂರುತ್ತದೆ. ಈ ಕ್ಲಚ್ ಇಲ್ಲದ್ದು ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಬೇಡಿ. ಹುಕ್ ಒಮ್ಮೆ ಜಾರಿದರೆ ಮೆಕ್ಯಾನಿಕ್ ಬರುವವರೆಗೆ ಕೆಲಸ ನಿಂತಂತೆಯೇ.

ಟಾಂಕಾ ತಪ್ಪಿದರೆ ಕೂಡಲೇ ಟೈಮಿಂಗನ್ನು ದೂರಬೇಡಿ. ಮೊದಲು ಸೂಜಿ ಬದಲಿಸಿ, ಅದರ ಒಳಗುಳಿ (ಕಣ್ಣಿನ ಮೇಲಿನ ತಗ್ಗು) ನೇರವಾಗಿ ಹುಕ್ ಕಡೆ ನೋಡುತ್ತಿದೆಯೇ ಪರೀಕ್ಷಿಸಿ. ಟಾಂಕಾ ತಪ್ಪಲು ಎರಡನೆಯ ಕಾರಣ ರಬ್ಬರ್ ಸಲ್ಯೂಷನ್, ಅಂದರೆ ಚರ್ಮ ಅಂಟಿಸುವ ಗೋಂದು. ಒಣಗದ ಸಲ್ಯೂಷನ್ ಸೂಜಿಗೆ ಮೆತ್ತಿ ದಾರದ ಕುಣಿಕೆ ತೆರೆಯಲು ಬಿಡುವುದಿಲ್ಲ. ಸೂಜಿಯನ್ನು ಬೆರಳಿನಿಂದ ಮುಟ್ಟಿದರೆ ಅಂಟುತ್ತದೆ. ಒರೆಸಿ, ತುಸು ಸಿಲಿಕೋನ್ ಸವರಿ. ಮೂರನೆಯದು, ಸೂಜಿ ಮೇಲೇಳುವಾಗ ಚರ್ಮವೂ ಜೊತೆಗೆ ಏಳುವುದು. ಫೂಟಿನ ಒತ್ತಡ ಸಾಲದಿದ್ದರೆ, ಅಥವಾ ಒಳಫೂಟಿನ ತೂತು ಸವೆದು ದೊಡ್ಡದಾಗಿದ್ದರೆ ಹೀಗಾಗುತ್ತದೆ. ಇಷ್ಟೂ ಸರಿಯಿದ್ದ ಮೇಲೆ ಟೈಮಿಂಗ್: ಸೂಜಿ ತೀರಾ ಕೆಳಗಿನಿಂದ 2ರಿಂದ 2.5 ಮಿ.ಮೀ ಎದ್ದಾಗ ಹುಕ್ಕಿನ ಮೊನೆ ಸೂಜಿಯ ನಟ್ಟನಡುವೆ, ಕಣ್ಣಿಗಿಂತ ತುಸು ಮೇಲೆ ಬರಬೇಕು. ಇವೆರಡರ ನಡುವೆ ಒಂದು ಕಾಗದದಷ್ಟೂ ಸಂದು ಇರಬಾರದು, ತಾಗಲೂಬಾರದು. ಸೂಜಿಯೇ ನಡೆಯುವ ಮಷೀನಾದ್ದರಿಂದ ಟಾಂಕಾ ಉದ್ದವಾದಷ್ಟೂ ಈ ಹೊಂದಾಣಿಕೆ ಬದಲಾಗುತ್ತದೆ. ಬಳಸುವ ಅತಿ ಉದ್ದದ ಟಾಂಕಾದಲ್ಲಿ ಮುಂದಕ್ಕೂ ರಿವರ್ಸಿಗೂ ಹೊಲಿದು ನೋಡಿಯೇ ಮೆಕ್ಯಾನಿಕ್‌ನನ್ನು ಕಳಿಸಿ.

ಹೊಸ ಮಷೀನಿನೊಂದಿಗೆ ಬರುವ ಫೂಟಿಗೆ ಹಲ್ಲಿರುತ್ತದೆ, ಮೆತ್ತನೆಯ ಚರ್ಮದ ಮೇಲೆ ಏಣಿಯಂಥ ಗುರುತು ಬಿಡುತ್ತದೆ. ನಯವಾದ ಫೂಟಿನ ಜೋಡಿಯನ್ನು ಅದೇ ದಿನ ಕೊಳ್ಳಿ. ಕೆಳಹಲ್ಲನ್ನೂ ಎಣ್ಣೆಕಲ್ಲಿನಿಂದ ತುಸು ಉಜ್ಜಿ ಚೂಪು ತೆಗೆದರೆ ಒಳಭಾಗವೂ ಚೆನ್ನಾಗಿ ಬರುತ್ತದೆ.

ಮುಂಬಯಿಯ ಮಳೆಗಾಲ ಬೇರೆಯೇ ಪಾಠ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನ ಮುಟ್ಟದೆ ಬಿಟ್ಟರೂ ಸೂಜಿಪ್ಲೇಟ್, ಫೂಟಿನ ಕಡ್ಡಿ, ಹುಕ್ಕಿಗೆ ಕೆಂಪು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಹುಕ್ ದಾರದ ನೂಲು ಎಬ್ಬಿಸುತ್ತದೆ. ರಾತ್ರಿ ಎಣ್ಣೆಬಟ್ಟೆಯಿಂದ ಒರೆಸಿ, ಫೂಟಿನ ಕೆಳಗೆ ಎಣ್ಣೆ ಹಚ್ಚಿದ ಚರ್ಮದ ತುಂಡು ಇಟ್ಟು, ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಹುಕ್ಕಿಗೆ ದಿನಾ ಬೆಳಗ್ಗೆ ಎರಡು ಹನಿ ಬಿಳಿ ಮಷೀನ್ ಎಣ್ಣೆ, ಆಮೇಲೆ ಒಂದು ತುಂಡಿನ ಮೇಲೆ ಹೊಲಿದು ಎಣ್ಣೆ ಕಳೆದ ಮೇಲೆಯೇ ಮಾಲು. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು ಗೋಂದಿನಂತೆ ಗಟ್ಟಿಯಾಗುತ್ತದೆ, ದಯವಿಟ್ಟು ಹಾಕಬೇಡಿ.

ಆರು ವರ್ಷದಲ್ಲಿ ಬದಲಾಯಿಸಿದ್ದು: ಚೆಕ್ ಸ್ಪ್ರಿಂಗ್ (ಮೇಲಿನ ದಾರ ಸಡಿಲಬೀಳದಂತೆ ಎಳೆದಿಡುವ ಸಣ್ಣ ತಂತಿ) ಎರಡು ಸಲ, ಬಾಬಿನ್ ಪತ್ತಿ, ಒಳಫೂಟ್, ಮೋಟಾರ್ ಬೆಲ್ಟ್. ಹುಕ್ ಮೊದಲಿನದೇ, ಮೊನೆಯನ್ನು ಒಮ್ಮೆ ಪಾಲಿಶ್ ಮಾಡಿಸಿದ್ದೇವೆ. 1541ರ ಸಾಮಾನು ಇದಕ್ಕೆ ಕೂರುವುದೇ ದೊಡ್ಡ ಅನುಕೂಲ. ಕೊಳ್ಳುವ ಮುನ್ನ ಹುಕ್ ಮತ್ತು ಚೆಕ್ ಸ್ಪ್ರಿಂಗ್ ಆ ಅಂಗಡಿಯಲ್ಲೇ ಕೇಳಿ. ‘ತರಿಸಿ ಕೊಡುತ್ತೇವೆ’ ಅಂದರೆ ಬೇರೆ ಅಂಗಡಿ ನೋಡಿ.

ಪರೀಕ್ಷೆಗೆ ನಿಮ್ಮದೇ ಚರ್ಮ, ನಿಮ್ಮದೇ ದಾರ ಒಯ್ಯಿರಿ. ಅಂಗಡಿಯವರು ತೋರಿಸುವ ಮೆತ್ತನೆಯ ರೆಕ್ಸಿನ್ ಮೇಲೆ ಎಲ್ಲ ಮಷೀನೂ ಚೆನ್ನಾಗಿಯೇ ಹೊಲಿಯುತ್ತದೆ. 3 ಮಿ.ಮೀಯಿಂದ 7 ಮಿ.ಮೀಗೆ ಹತ್ತುವ ಮೆಟ್ಟಿಲಿನ ಮೇಲೆ ಹೊಲಿಸಿ, ಹತ್ತುವಾಗ ಟಾಂಕಾ ಚಿಕ್ಕದಾಗಬಾರದು. ರಿವರ್ಸ್ ಒತ್ತಿ ಐದು ಟಾಂಕಾ ಹಿಂದೆ ಬನ್ನಿ, ಸೂಜಿ ಹಳೆಯ ತೂತುಗಳಲ್ಲೇ ಇಳಿಯಬೇಕು. ಪಕ್ಕಕ್ಕೆ ಬಿದ್ದರೆ ಅಲ್ಲೇ ಸರಿಮಾಡಿಸಿಕೊಳ್ಳಿ. ಮಾಳಾದ ಮೇಲಿನ, ಅಂದರೆ ಮೇಲಂತಸ್ತಿನ, ಗಾಳಾಕ್ಕೆ ಒಯ್ಯುವುದಾದರೆ ತಲೆ, ಮೋಟಾರು, ಮೇಜು ಬೇರೆ ಬೇರೆ ಮಾಡಿಯೇ ಏರಿಸಿ. ತಲೆಯೊಂದೇ ಇಬ್ಬರು ಹೊರುವಷ್ಟು ಭಾರ, ಕಬ್ಬಿಣದ ಕಡಿದಾದ ಮೆಟ್ಟಿಲಲ್ಲಿ ಕೈಚಕ್ರ ಹಿಡಿದು ಎತ್ತಿದರೆ ಶಾಫ್ಟ್ ಬಾಗುತ್ತದೆ.

ಇನ್ನೊಂದು ಮಾತು, ಹಣ ಕೊಡುವ ಮುನ್ನ ಯೋಚಿಸಬೇಕಾದ್ದು. ಫ್ಲಾಟ್‌ಬೆಡ್ ಮೇಲೆ ಚಪ್ಪಟೆ ಕೆಲಸವೆಲ್ಲ ಸೊಗಸು, ಆದರೆ ಬ್ಯಾಗಿನ ಪಕ್ಕದ ಪಟ್ಟಿ ಕೂಡಿಸಿ ಪೆಟ್ಟಿಗೆಯಂತಾದ ಮೇಲೆ ಅದರ ಮೂಲೆ ಬೆಡ್ ಮೇಲೆ ಕೂರುವುದೇ ಇಲ್ಲ. ಅಂಥ ಬ್ಯಾಗೇ ನಿಮ್ಮ ಮುಖ್ಯ ಮಾಲಾದರೆ ಇದೇ ಫೀಡಿನ ಸಿಲಿಂಡರ್ ಆರ್ಮ್ (ಹಾಸಿನ ಬದಲು ಕೊಳವೆಯಂತೆ ಚಾಚಿದ ತೋಳಿನ) ಮಷೀನು ಕೊಳ್ಳಿ. ಸಿಲಿಂಡರಿಗೆ ಮೇಲೊಂದು ಹಲಗೆ ಸಿಕ್ಕಿಸಿದರೆ ಚಪ್ಪಟೆ ಕೆಲಸವೂ ಆಗುತ್ತದೆ. ಫ್ಲಾಟ್‌ಬೆಡ್ಡನ್ನು ಸಿಲಿಂಡರ್ ಮಾಡಲು ಯಾವ ಹಲಗೆಯೂ ಇಲ್ಲ.