ಫ್ರೀಸೆನ್: ಹಳೆಯ ಬ್ರಿಟಿಷ್ ಜನಗಣತಿಯ ಕಸುಬಿನ ಕಾಲಂ ಓದುವವರಿಗೆ

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಗಣಿಯನ್ನು ವಹಿಸಿಕೊಂಡ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಕೆಜಿಎಫ್‌ಗೆ ಬಂದರು. ನನ್ನ ಪತ್ನಿಯ ತಾಯಿಯ ಮನೆತನ ಅಂಥ ಒಬ್ಬರಿಂದ ಬೆಳೆದದ್ದು. ಅವರ ಹಿಂದಿನ ತಲೆಮಾರುಗಳನ್ನು ಹುಡುಕಲು ಕೆಲವು ವರ್ಷಗಳಿಂದ ಹಳೆಯ ಬ್ರಿಟಿಷ್ ಜನಗಣತಿಯ ದಾಖಲೆಗಳನ್ನು ಹುಡುಕಲು ಕೊಡುವ ಫ್ರೀಸೆನ್ ಎಂಬ ಉಚಿತ ತಾಣವನ್ನೂ, ಜೊತೆಗೆ ವಾರ್ಷಿಕ ಚಂದಾ ಕಟ್ಟಬೇಕಾದ ಇನ್ನೊಂದು ತಾಣವನ್ನೂ ಬಳಸುತ್ತಿದ್ದೇನೆ. ಹೆಸರು, ಊರು, ವಯಸ್ಸು ಹುಡುಕುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಸುಬಿನ ಕಾಲಂನಲ್ಲಿ ಮಾತ್ರ ಅಜಗಜಾಂತರವಿದೆ.

1841ರ ಗಣತಿದಾರರಿಗೆ ಸಮಯ ಉಳಿಸಲೆಂದು ಸರ್ಕಾರವೇ ಕೆಲವು ಸಂಕ್ಷೇಪಗಳನ್ನು ಸೂಚಿಸಿತ್ತು. ಮನೆಗೆಲಸದ ಹೆಣ್ಣಾಳಿಗೆ ಎಫ್.ಎಸ್., ಗಂಡಾಳಿಗೆ ಎಂ.ಎಸ್., ಸ್ವಂತ ಆದಾಯದಲ್ಲಿ ಬದುಕುವವರಿಗೆ ಇಂಡ್., ಕಸುಬು ಕಲಿಯುತ್ತಿರುವವನಿಗೆ ಅಪ್., ಕಲಿತು ಇನ್ನೊಬ್ಬರ ಕೈಕೆಳಗೆ ಕೂಲಿಗೆ ದುಡಿಯುವವನಿಗೆ ಜೆ. ಎಂದು ಬರೆಯಬಹುದಿತ್ತು. ಹೊಲದ ಕೆಲಸಗಾರರೆಲ್ಲರೂ ಅಗ್. ಲ್ಯಾಬ್. ಎಂಬ ಒಂದೇ ತಲೆಬರಹದಡಿ ಬರುತ್ತಿದ್ದರು. ಕುರಿ ಕಾಯುವವನನ್ನೋ ಕುದುರೆ ನೋಡಿಕೊಳ್ಳುವವನನ್ನೋ ಬೇರೆಯಾಗಿ ಗುರುತಿಸುವುದು ಆಯಾ ಗಣತಿದಾರನ ತಾಳ್ಮೆಗೆ ಬಿಟ್ಟದ್ದಾಗಿತ್ತು. ಇಂಗ್ಲೆಂಡಿನಲ್ಲಿ 1901ರವರೆಗಿನ ಗಣತಿಗಳಿಂದ ಇಂದು ನಮಗೆ ಸಿಗುವುದು ಗಣತಿದಾರರು ನಕಲು ಮಾಡಿ ಬರೆದ ಪುಸ್ತಕಗಳೇ ಹೊರತು ಮನೆಯವರು ತುಂಬಿದ ನಮೂನೆಗಳಲ್ಲ. ಆದ್ದರಿಂದ ಸಂಕ್ಷೇಪ ಗಣತಿದಾರನದು, ಅಕ್ಷರವೂ ಅವನದು.

ಫ್ರೀಸೆನ್‌ನ ದೊಡ್ಡ ಗುಣವೆಂದರೆ ಅದರ ಸ್ವಯಂಸೇವಕರು ಪುಸ್ತಕದಲ್ಲಿರುವುದನ್ನು ಇದ್ದ ಹಾಗೆಯೇ ಇಳಿಸುತ್ತಾರೆ. ಚಂದಾ ತಾಣವಾದರೋ ಓದುಗರಿಗೆ ಸುಲಭವಾಗಲೆಂದು ಸಂಕ್ಷೇಪವನ್ನು ತಾನೇ ಬಿಡಿಸಿ ಹುಡುಕಾಟದ ಫಲಿತಾಂಶದಲ್ಲಿ ಪೂರ್ಣಪದವನ್ನಷ್ಟೇ ತೋರಿಸುತ್ತದೆ. ಈ ಉಪಕಾರ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1841ರ ನಿಯಮದಂತೆ ಕಸುಬಿನ ಮುಂದಿನ ಎಂ. ಅಕ್ಷರಕ್ಕೆ ‘ತಯಾರಕ’ ಎಂದರ್ಥ. ಬೂಟಿನ ಮುಂದೆ ಬಂದರೆ ಬೂಟು ಹೊಲಿಯುವವನು. ನಮ್ಮ ಕುಟುಂಬದ ಹಿರಿಯರೊಬ್ಬರ ಮುಂದೆ ‘ಟಿನ್ ಎಂ.’ ಎಂದಿತ್ತು. ಚಂದಾ ತಾಣ ನಿಯಮವನ್ನು ನಂಬಿ ಅವರನ್ನು ತಗಡಿನ ಪಾತ್ರೆ ಮಾಡುವವರನ್ನಾಗಿಸಿತು. ಆದರೆ ಫ್ರೀಸೆನ್‌ನಲ್ಲಿ ಅದೇ ಬೀದಿಯ ಮುಂದಿನ ಮನೆಗಳನ್ನು ಓದುತ್ತಾ ಹೋದರೆ ‘ಕಾಪ್. ಎಂ.’ (ಕಾಪ್. ಎಂದರೆ ಕಾಪರ್, ತಾಮ್ರ), ‘ಟಿನ್ ಮೈನರ್’ (ತವರದ ಗಣಿಗಾರ), ಮತ್ತೆ ‘ಟಿನ್ ಎಂ.’ ಎಂದು ಸಿಗುತ್ತದೆ. ಆ ಗಣತಿದಾರ ಎಂ. ಅಕ್ಷರವನ್ನು ಗಣಿಗಾರನಿಗೇ ಬಳಸಿದ್ದ. ತವರ ಮತ್ತು ತಾಮ್ರದ ಗಣಿಗಳ ನಾಡಿನಲ್ಲಿ ಅವನಿಗೆ ಅದು ವಿವರಿಸಬೇಕಾದ ಸಂಗತಿಯೇ ಆಗಿರಲಿಲ್ಲ. ಸಂಕ್ಷೇಪದ ಅರ್ಥವನ್ನು ಪಟ್ಟಿಯಲ್ಲಿ ಹುಡುಕುವ ಮೊದಲು ಅದೇ ಕೈಬರಹದ ಹಿಂದುಮುಂದಿನ ಪುಟಗಳಲ್ಲಿ ಹುಡುಕಬೇಕು. ಮೂಲರೂಪವನ್ನು ಉಳಿಸಿಕೊಂಡ ತಾಣದಲ್ಲಿ ಅದು ಸುಲಭ.

ಕೊರತೆಯೂ ಇದೆ. ಫ್ರೀಸೆನ್ ಮೂಲಪುಟದ ಚಿತ್ರವನ್ನು ಕೊಡುವುದಿಲ್ಲ, ಹೀಗಾಗಿ ಅನುಮಾನ ಬಂದಾಗ ಚಿತ್ರವಿರುವ ಚಂದಾ ತಾಣದ ಬಾಗಿಲನ್ನೇ ತಟ್ಟಬೇಕಾಗುತ್ತದೆ. ಅಗ್. ಮತ್ತು ಅಪ್. ಆಗಿನ ಇಂಗ್ಲಿಷ್ ಕೈಬರಹದಲ್ಲಿ ಕೊನೆಯ ಅಕ್ಷರದ ಬಾಲವೊಂದನ್ನು ಬಿಟ್ಟರೆ ಅವಳಿಗಳೇ. ಅದರ ಮೇಲೆ ಲಂಡನ್ನಿನ ಕಚೇರಿಯ ಗುಮಾಸ್ತರು ಕಸುಬುಗಳ ಲೆಕ್ಕ ಹಾಕುವಾಗ ಎಳೆದ ಗೀಟುಗಳು ಸರಿಯಾಗಿ ಇದೇ ಕಾಲಂ ಮೇಲೆ ಬಿದ್ದಿವೆ. ಚಿತ್ರವನ್ನು ಹಿಗ್ಗಿಸಿ ಯಾವ ಗೆರೆ ಗಣತಿದಾರನದು, ಯಾವುದು ಗುಮಾಸ್ತನದು ಎಂದು ಬೇರ್ಪಡಿಸದೆ ನಿರ್ಧಾರಕ್ಕೆ ಬರುವುದು ದುಡುಕು.

ಖಾಲಿ ಕಾಲಂ ಬಗ್ಗೆಯೂ ಎಚ್ಚರ ಬೇಕು. ಗಂಡನೊಡನೆ ಇದ್ದ ಹೆಂಡತಿಯ ಕಸುಬನ್ನು ಬರೆಯಬೇಕಾಗಿಲ್ಲವೆಂದು 1841ರ ಸೂಚನೆಯೇ ಹೇಳುತ್ತಿತ್ತು. ಗಣಿಯ ಮೇಲ್ಭಾಗದಲ್ಲಿ ಅದಿರು ಒಡೆದು ಹಸನು ಮಾಡುತ್ತಿದ್ದ ಕಾರ್ನ್‌ವಾಲ್ ಹೆಂಗಸರಲ್ಲಿ ಎಷ್ಟೋ ಮಂದಿ ಹೀಗೆ ದಾಖಲೆಯಿಂದ ಜಾರಿಹೋಗಿರಬಹುದು, ಇದಕ್ಕೆ ಯಾವ ತಾಣವನ್ನೂ ದೂರುವಂತಿಲ್ಲ.

ಫ್ರೀಸೆನ್‌ನ ವ್ಯಾಪ್ತಿ ಮುಖ್ಯವಾಗಿ 1841ರಿಂದ 1891ರವರೆಗಿನದು. ಎಲ್ಲ ಕೌಂಟಿಗಳೂ ಸಮನಾಗಿ ತುಂಬಿಲ್ಲವಾದರೂ ಕಾರ್ನ್‌ವಾಲ್ ಮಟ್ಟಿಗೆ ನನಗೆ ತೊಂದರೆಯಾಗಿಲ್ಲ. ಹುಟ್ಟಿದ ಊರಿಗೆ ಅಲ್ಲಿ ಎರಡು ಅಂಕಣಗಳಿವೆ: ಒಂದು ಪುಸ್ತಕದಲ್ಲಿದ್ದಂತೆ, ಇನ್ನೊಂದು ತಿದ್ದಿದ ರೂಪ. ಕಸುಬಿಗೂ ಅಂಥ ಎರಡನೆಯ ಅಂಕಣ ಬಂದರೆ ಹೊಸಬರಿಗೆ ಅನುಕೂಲವಾದೀತು, ಮೊದಲನೆಯದನ್ನು ಮುಟ್ಟದೆ ಇದ್ದರೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ; ಕಳೆದ ಒಂದು ಅಂಕ ಚಿತ್ರಗಳಿಲ್ಲದ್ದಕ್ಕೆ.