ಮಳೆಗಾಲದ ಜಲವರ್ಣ ಕ್ಲಾಸ್

ಮಗಳನ್ನು ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ಕೂರಿಸೋಣ ಅಂತ ವಿಚಾರಿಸಲು ಹೋದವಳು ನಾನು. ಬ್ರಷ್ ಹಿಡಿದು ಕೂತದ್ದೂ ನಾನೇ! ಮಂಗಳೂರಿನ ಮಣ್ಣಗುಡ್ಡೆ ಕಡೆ, ಒಂದು ಹೆಂಚಿನ ಮನೆಯ ಜಗಲಿಯಲ್ಲಿ ನಡೆಯುವ ಭಾನುವಾರದ ಕ್ಲಾಸ್. ಆರು ವಾರಕ್ಕೆ 2,400 ರೂಪಾಯಿ. ಕಾಗದ, ಬಣ್ಣ ನಮ್ಮದೇ.

ಸರ್ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಗೋಡೆಯ ಮೇಲೆ ಅವರ ಹಳೆಯ ಚಿತ್ರಗಳಿವೆ. ಹೆಂಚಿನ ಕಾರ್ಖಾನೆ, ಚಿಮಣಿ, ಜನ, ಕಾಗೆ, ಎಲ್ಲ ತುಂಬಿಸಿದ್ದಾರೆ. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಈಚಿನವು ಬೇರೆಯೇ. ಎರಡು ಬೋಟು, ಉಳಿದದ್ದೆಲ್ಲ ಖಾಲಿ ಕಾಗದ. ಯಾಕೆ ಹೀಗೆ ಅಂತ ಕೇಳಿದೆ. "40 ನಿಮಿಷದ ಪೀರಿಯಡ್ ಅಲ್ವಾ ಮಾರಾಯ್ರೆ, ಬೆಲ್ಲಿನ ಒಳಗೆ ಬೋರ್ಡಿನಲ್ಲಿ ಮುಗಿಸಬೇಕಿತ್ತು. ಏನು ಬಿಡಬೇಕು ಅಂತ ಅಲ್ಲೇ ಕಲಿತದ್ದು" ಎಂದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೋರಿಸಿ, ಒಂದೇ ಗೆರೆಯಲ್ಲಿ ಕುಣಿಯುವ ಕಾಲು ಹೇಗೆ ಬಂತು ನೋಡಿ ಎಂದರು. ಹೆಬ್ಬಾರರೂ ತಾವು ಕಲಿತ ಮುಂಬೈಯ ಜೆ.ಜೆ. ಆರ್ಟ್ ಸ್ಕೂಲಿನಲ್ಲೇ ಮೇಷ್ಟ್ರಾಗಿದ್ದವರು.

ಮೂರನೇ ವಾರ ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ, ಕರೆದುಕೊಂಡು ಹೋದರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟಿನಲ್ಲಿ ಬಲೆ ಎಳೆಯುವ ಟ್ರಾಲಿಂಗ್ ಇಲ್ಲ, ಬೋಟುಗಳೆಲ್ಲ ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ. ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನೀರಿಗೆ ನೀಲಿ ಹಚ್ಚಿದೆ. ಸರ್ ಹಿಂದೆ ಬಂದು ನಿಂತರು. "ನೀಲಿ ಎಲ್ಲಿ ಕಂಡಿತು?" ತಲೆ ಎತ್ತಿ ನೋಡಿದರೆ ನೀರು ಸುಮ್ನೆ ಕೆಂಪು ಮಣ್ಣು! ಅಳಿಸುವ ಹಾಗಿಲ್ಲ. ಅರ್ಧ ಒಣಗಿದ ಆ ಬಣ್ಣದ ಮೇಲೆ ಅವರು ಒಂದು ಹನಿ ನೀರು ಬಿಟ್ಟರು. ಬಣ್ಣ ಅಂಚಿಗೆ ಸರಿದು ಹೂಕೋಸಿನ ಹಾಗೆ ಅರಳಿತು. ಹಾಳೆ ತಿರುಗಿಸಿ, "ಇದು ಮೋಡ, ಕೆಳಗಿಂದ ಶುರು ಮಾಡಿ" ಎಂದರು.

ದೂರು ಇಲ್ಲ ಅಂತಲ್ಲ. ಹತ್ತಕ್ಕೆ ಅಂದರೆ ಹತ್ತೂವರೆ. ಜಗಲಿಯಲ್ಲಿ ಸೊಳ್ಳೆ ಜಾಸ್ತಿ. ಮಳೆಗೆ ಬಣ್ಣ ಒಣಗುವುದೇ ಇಲ್ಲ, ಫ್ಯಾನ್ ಹಾಕಲೂ ಬಿಡುವುದಿಲ್ಲ, ಕಾಯಬೇಕು. ಕಾಗದ ಕೊಳ್ಳುವಾಗ ಮುಟ್ಟಿ ನೋಡಿ. ನನಗೆ ಒಂದು ಅಂಗಡಿಯಲ್ಲಿ 300 ಜಿಎಸ್‌ಎಂನ ದಪ್ಪ ಕಾಗದ ಅಂತ ಹೇಳಿ ತೆಳು ಹಾಳೆ ಕೊಟ್ಟರು, ಮೊದಲ ನೀರಿಗೇ ಹಪ್ಪಳದ ಹಾಗೆ ಎದ್ದಿತು. ಪರೀಕ್ಷೆಗೆ ತಯಾರಿ ಬೇಕಾದವರಿಗೆ ಈ ಕ್ಲಾಸ್ ಆಗುವುದಿಲ್ಲ, ಮಗಳನ್ನು ಬೇರೆ ಕಡೆ ಸೇರಿಸಿದೆ.

ಆಗಸ್ಟಿನಲ್ಲಿ ದಕ್ಕೆಯ ಬೋಟುಗಳು ಕಡಲಿಗೆ ಹೋದವು. ನನ್ನದಕ್ಕೆ ಇನ್ನೂ ಮೂತಿ ಬರೆದು ಆಗಿಲ್ಲ. ಮತ್ತೆ ಆರು ವಾರಕ್ಕೆ ದುಡ್ಡು ಕಟ್ಟಿದ್ದೇನೆ.